ಪಾಸಿನಲ್ಲಿದ್ದ ನಾಲ್ಕನೆಯವರು

ನೀಲಗಿರಿ ಗಡಿಯ ಚೆಕ್‌ಪೋಸ್ಟಿನಲ್ಲಿ ಆ ಸೋಮವಾರ ನಡೆದದ್ದನ್ನು ನಮ್ಮ ಮನೆಯಲ್ಲಿ ಈಗ ಬೇರೆ ಬೇರೆ ಬಗೆಯಾಗಿ ಹೇಳುತ್ತಾರೆ. ದೊಡ್ಡಪ್ಪನ ಪ್ರಕಾರ ಅಲ್ಲಿನ ಅಧಿಕಾರಿ ಕೊನೆಗೆ ಎದ್ದು ನಿಂತು ಕೈ ಮುಗಿದರು. ತಮ್ಮನ ಪ್ರಕಾರ ನಮ್ಮೆಲ್ಲರನ್ನೂ ಜೀಪಿಗೆ ಹತ್ತಿಸಿಕೊಂಡು ಹೋಗುವುದೊಂದು ಬಾಕಿ ಇತ್ತು. ಹರವೆಯ ನೆಂಟರ ಮನೆಗಳಲ್ಲಿ ಓಡಾಡುತ್ತಿರುವ ಕಥೆಯಲ್ಲಂತೂ ಒಂದು ಆನೆಯೂ ಸೇರಿಕೊಂಡಿದೆ. ಆನೆ ಇರಲಿಲ್ಲ. ಯಾರೂ ಕೈ ಮುಗಿಯಲಿಲ್ಲ. ನಾನು ಹಿಂದಿನ ಸೀಟಿನ ಎಡಗಡೆ ಕೂತಿದ್ದೆ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದಿಡುತ್ತೇನೆ. ಆ ಗೇಟಿನ ಕಂಬಿಯನ್ನು ನೆನೆದರೆ ಈಗಲೂ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ. ಅದಕ್ಕೆ ಕಾರಣ ಅಧಿಕಾರಿಯಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಬೇಕು.

ನಾವು ಹೊರಟದ್ದು ತಂಗಿಗಾಗಿ. ಅವಳನ್ನು ಬೇಗೂರಿಗೆ ಮದುವೆ ಮಾಡಿಕೊಟ್ಟಿದ್ದೆವು. ಮೂರನೆಯ ವರ್ಷ ಗಂಡ ಕಾಮಾಲೆಯಿಂದ ತೀರಿಕೊಂಡ. ಅವಳು ತವರಿಗೆ ಮರಳಿದಳಾದರೂ ಹೆಚ್ಚು ದಿನ ಉಳಿಯಲಿಲ್ಲ. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡ್ ಹತ್ತಿರ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ಒಂದು ರೂಮು ಮಾಡಿಕೊಂಡಳು. ಮತ್ತೊಂದು ಮದುವೆಯ ಮಾತೆತ್ತಿಕೊಂಡು ಅಂಗಡಿಗೆ ಹೋದವರನ್ನೆಲ್ಲ ಕುರ್ಚಿ ಕೊಟ್ಟು ಕೂರಿಸಿ, "ಆಧಾರ್ ತಿದ್ದುಪಡಿ ಇದ್ರೆ ಹೇಳಿ, ಮಾಡ್ಕೊಡ್ತೀನಿ. ಬೇರೆ ಏನನ್ನೂ ಇಲ್ಲಿ ತಿದ್ದಲ್ಲ" ಎಂದು ಕಳಿಸುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಗೂಡಲೂರಿನ ಈ ಸಂಬಂಧ ಬಂದಾಗ ಮಾತ್ರ ಫೋಟೋ ನೋಡಿ, ತಿರುಗಿ ಕೊಟ್ಟು, "ಮನೆ ನೋಡ್ಕೊಂಡು ಬನ್ನಿ" ಎಂದಳು. ಅಷ್ಟೇ ಮಾತು. 

ಹುಡುಗ ಎನ್ನುವ ವಯಸ್ಸಲ್ಲ, ನಲವತ್ತರ ಆಸುಪಾಸು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅಜ್ಜನ ಕಾಲದಲ್ಲಿ ನಮ್ಮ ಕಡೆಯಿಂದ ಘಟ್ಟ ಹತ್ತಿದವರು, ನಮ್ಮವರೇ. ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಮೂರು ಜೀಪು ಇವೆ ಎಂದು ಮದುವೆ ದಲ್ಲಾಳಿ ಹೇಳಿದ್ದ. ಅವರ ತಾಯಿ ಮಾತ್ರ ಖಡಾಖಂಡಿತ. ಸೋಮವಾರ ಹನ್ನೆರಡರೊಳಗೆ ಬರಬೇಕು, ತಾಳವಾಡಿ ಕಡೆಯಿಂದ ಇನ್ನೊಂದು ಸಂಬಂಧ ಬಂದಿದೆ, ಅವರು ಮಂಗಳವಾರ ಬರುತ್ತಾರೆ, ನೀವು ಬರದಿದ್ದರೆ ಮನಸ್ಸಿಲ್ಲ ಎಂದುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಮನೆ ನೋಡುವುದಕ್ಕೆ ಹೆಣ್ಣಿನ ಕಡೆಯ ಹಿರಿಯರು ಹೋಗುತ್ತಾರೆ. ಹೆಣ್ಣು ಹೋಗುವುದಿಲ್ಲ. ತಂಗಿ ಸೋಮವಾರ ಎಂದಿನಂತೆ ಅಂಗಡಿ ತೆಗೆಯುವುದೆಂದು ತೀರ್ಮಾನವಾಯಿತು.

ಕಾರು ದೊಡ್ಡಪ್ಪನದು. ಅರಿಶಿನಕ್ಕೆ ಒಳ್ಳೆಯ ಬೆಲೆ ಬಂದ ವರ್ಷ ಕೊಂಡ ಬಿಳಿ ಡೀಸೆಲ್ ಕಾರು. ಈಗ ಅದಕ್ಕೆ ವಯಸ್ಸಾಗಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳದ ಕೋಳಿಗಳು ತಾವಾಗಿಯೇ ಹಿತ್ತಿಲಿಗೆ ಹೋಗುತ್ತವೆ. ಚಾಮರಾಜನಗರದಲ್ಲಿ ಹೊಗೆ ತಪಾಸಣೆ ಮಾಡುವವನು ಕೊಳವೆಗೆ ಕಡ್ಡಿ ಇಟ್ಟು, ಯಂತ್ರ ನೋಡಿ, "ಯಜಮಾನ್ರೇ, ಇದಕ್ಕೆ ಡೀಸೆಲ್ ಹಾಕ್ತೀರೋ, ಸೌದೆ ಹಾಕ್ತೀರೋ?" ಎಂದು ಕೇಳಿದ್ದಕ್ಕೆ ದೊಡ್ಡಪ್ಪ ಆರು ತಿಂಗಳು ಅವನ ಮುಖ ನೋಡಿರಲಿಲ್ಲ. ಆರು ತಿಂಗಳಾದ ಮೇಲೆ ಸರ್ಟಿಫಿಕೇಟು ಮುಗಿದು, ಮತ್ತೆ ನೋಡಲೇಬೇಕಾಯಿತು.

ಹಳೆಯ ಗಾಡಿಗೆ ಹಸಿರು ತೆರಿಗೆ, ಹೊಗೆ ತಪಾಸಣೆಯ ಚೀಟಿ, ಬಂಡೀಪುರದ ಗೇಟಿನಲ್ಲಿ ಕಾಡಿನ ಶುಲ್ಕ, ಇವೆಲ್ಲಕ್ಕೂ ಸೇರಿ ದೊಡ್ಡಪ್ಪ ಇಟ್ಟಿದ್ದ ಹೆಸರು ಗಾಳಿ ಕಂದಾಯ. ಅದರ ಮೇಲೆ ಈಗ ನೀಲಗಿರಿಯ ಪಾಸು ಬೇರೆ ಬಂದಿತ್ತು. ಬೆಟ್ಟದ ಮೇಲೆ ಗಾಡಿಗಳು ಹೆಚ್ಚಾಗಿ ಜನಕ್ಕೂ ಕಾಡಿಗೂ ಉಸಿರು ಕಟ್ಟಿದೆಯೆಂದು, ಹೊರಗಿನಿಂದ ಬರುವ ಪ್ರತಿ ಗಾಡಿಯವರೂ ಮೊದಲೇ ಆನ್‌ಲೈನ್‌ನಲ್ಲಿ ಪಾಸು ತೆಗೆಯಬೇಕು. ಗಾಡಿ ಯಾವ ವರ್ಷದ್ದು, ಯಾವ ಎಣ್ಣೆಯದು, ಎಷ್ಟು ಜನ ಎಂದೆಲ್ಲ ತುಂಬಬೇಕು. ಗಡಿಯಲ್ಲಿ ಶುಲ್ಕ ಬೇರೆ.

"ನೆಲಕ್ಕೆ ಕಂದಾಯ ಕಟ್ದೊ, ನೀರ್ಗೆ ಕಟ್ದೊ. ಇನ್ನು ಉಸ್ರಾಡದಕ್ಕೂ ಕಟ್ಬೇಕು" ಎಂದರು ದೊಡ್ಡಪ್ಪ.

"ಉಸ್ರಿಗಲ್ಲ ಕಣ್ ದೊಡ್ಡಪ್ಪ, ನಿನ್ ಕಾರು ಬುಡೋ ಹೊಗೆಗೆ" ಎಂದ ತಮ್ಮ. ಕಾರು ಓಡಿಸುವವನು ಅವನೇ ಆದ್ದರಿಂದ ಇಂಥ ಮಾತು ಅವನಿಗೆ ನಡೆಯುತ್ತದೆ.

ಪಾಸು ತೆಗೆದುಕೊಟ್ಟವಳು ತಂಗಿ. ಅದು ಅವಳ ದಿನನಿತ್ಯದ ಕೆಲಸ. ಭಾನುವಾರ ಫೋನು ಮಾಡಿ ಒಂದೊಂದಾಗಿ ಕೇಳಿಕೊಂಡಳು. ಕೊನೆಗೆ, "ಎಷ್ಟು ಜನ ದೊಡ್ಡಪ್ಪ?" ಎಂದಳು. "ನಾಲ್ಕ್ ಜನ ಕಣವ್ವ" ಎಂದರು ದೊಡ್ಡಪ್ಪ. ನನ್ನ ಗಂಡನೂ ಬರುತ್ತಾರೆ ಎಂದುಕೊಂಡು ಅವಳು ನಾಲ್ಕು ಎಂದು ತುಂಬಿದಳು. ನನ್ನ ಗಂಡ ಬರುವ ಮಾತೇ ಇರಲಿಲ್ಲ. ಹೊರಟವರು ದೊಡ್ಡಪ್ಪ, ತಮ್ಮ, ನಾನು, ಮೂವರೇ.

ನಾಲ್ಕನೆಯದು ಕಲ್ಲು.

ನಮ್ಮ ಕಡೆ ಶುಭಕಾರ್ಯಕ್ಕೆ ಮೂವರು ಹೋಗುವುದಿಲ್ಲ. ಹೋಗಲೇಬೇಕಾದರೆ ಒಂದು ಕಲ್ಲನ್ನು ಜೊತೆಗಿಟ್ಟುಕೊಳ್ಳುತ್ತೇವೆ. ಆಗ ನಾಲ್ವರಾದ ಲೆಕ್ಕ. ಬೇರೆಯವರು ದಾರಿಯಲ್ಲಿ ಸಿಕ್ಕ ಬೆಣಚುಕಲ್ಲಿನ ಚೂರೊಂದನ್ನು ಜೇಬಿಗೆ ಹಾಕಿಕೊಂಡು ಅಲ್ಲಿಗೇ ಮರೆತುಬಿಡುತ್ತಾರೆ. ದೊಡ್ಡಪ್ಪನೂ ಹಿಂದೆ ಇದನ್ನು ಅಷ್ಟಾಗಿ ಹಚ್ಚಿಕೊಂಡವರಲ್ಲ. ಆದರೆ ಕೆಲವು ವರ್ಷಗಳಿಂದ ಅವರ ಕಲ್ಲು ದೊಡ್ಡದಾಗುತ್ತ ಬಂದಿತ್ತು. ಎತ್ತು ನೋಡಲು ಹೋದರೂ ಕಲ್ಲು, ಸೊಸೈಟಿಗೆ ಹೋದರೂ ಕಲ್ಲು. ವಯಸ್ಸಾದಂತೆ ಬರುವ ಪಟ್ಟುಗಳಲ್ಲಿ ಇದೂ ಒಂದು ಎಂದುಕೊಂಡಿದ್ದೆವು. ಆ ಸೋಮವಾರ ಅವರು ಪಂಪ್‌ಹೌಸಿನ ಹತ್ತಿರದಿಂದ ತೆಂಗಿನಕಾಯಿ ಗಾತ್ರದ್ದನ್ನು ಆರಿಸಿ, ತೊಳೆದು, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೊಸ ಟವೆಲ್ಲಿನ ಮೇಲೆ ಹಿಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ ಕೂರಿಸಿದರು.

ತಮ್ಮ ಇಳಿದು ಬಂದು ಅದಕ್ಕೆ ಸೀಟ್ ಬೆಲ್ಟು ಹಾಕಿದ.

"ಏನ್ಲಾ ಅದು?" ಎಂದರು ದೊಡ್ಡಪ್ಪ.

"ದಾರೀಲಿ ಕ್ಯಾಮೆರಾ ಅವೆ ಕಣ್ ದೊಡ್ಡಪ್ಪ. ಇವ್ರ್ ಒಬ್ರು ಹಾಕ್ನಿಲ್ಲ ಅಂತ ದಂಡ ಬಂದದು."

"ಸುಮ್ಕೆ ಗಾಡಿ ಓಡ್ಸ್ಲಾ."

ತೆರಕಣಾಂಬಿಯಲ್ಲಿ ಟೀ ಕುಡಿದಾಗಲೂ ಅವನು ಹಿಂದಿನ ಬಾಗಿಲು ತೆಗೆದು, "ಇವ್ರಿಗೆ ಸಕ್ಕರೆ ಹಾಕ್ಸನಾ, ಬ್ಯಾಡ್ವಾ?" ಎಂದು ಕೇಳಿದ. ದೊಡ್ಡಪ್ಪ ಮೀಸೆಯೊಳಗೇ ನಕ್ಕದ್ದನ್ನು ನಾನು ಕಂಡೆ. ಎಲ್ಲರ ಮನಸ್ಸೂ ಹಗುರವಾಗಿತ್ತು. ಗುಂಡ್ಲುಪೇಟೆ ದಾಟುವಾಗ ತಂಗಿಯ ಅಂಗಡಿಯ ಮುಂದೆ ನಿಲ್ಲಿಸಲಿಲ್ಲ. ಅವಳೂ ಹೊರಗೆ ಬರಲಿಲ್ಲ. ಗಾಜಿನೊಳಗೆ ಯಾರದೋ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿ ಹಿಡಿದಿದ್ದಳು.

ಕಾಡು ಶುರುವಾಗುವ ಗೇಟಿನಲ್ಲಿ ನಮ್ಮ ಕಡೆಯ ಕಾವಲುಗಾರ ಶುಲ್ಕ ತೆಗೆದುಕೊಂಡು, "ಎಷ್ಟು ಜನ ಇದ್ದೀರಿ? ದಾರೀಲಿ ಎಲ್ಲೂ ಇಳೀಬಾರ್ದು" ಎಂದ. "ನಾಲ್ಕ್ ಜನ ಕಣಪ್ಪ. ಯಾರೂ ಇಳಿಯಕಿಲ್ಲ" ಎಂದರು ದೊಡ್ಡಪ್ಪ. ಆ ಮಾತು ನನ್ನ ಕಿವಿಗೆ ಬಿತ್ತು. ಅದರಿಂದ ಏನಾದೀತೆಂದು ಹೊಳೆಯಲಿಲ್ಲ. ಕಾಡಿನಲ್ಲಿ ಜಿಂಕೆಗಳು ರಸ್ತೆಯ ಬದಿಯಲ್ಲೇ ಮೇಯುತ್ತಿದ್ದವು. ನಮ್ಮ ಹೊಗೆ ಹತ್ತಿರ ಬಂದಾಗ ತಲೆಯೆತ್ತಿ ನೋಡಿ ಸರಿದು ನಿಂತವು.

ಗಡಿಯ ಚೆಕ್‌ಪೋಸ್ಟಿನಲ್ಲಿ ಪಾಸು ನೋಡಿದ ಅಧಿಕಾರಿಗೆ ಐವತ್ತು ದಾಟಿರಬಹುದು. ಕನ್ನಡ ಆಡುತ್ತಿದ್ದರು, ತಮಿಳಿನ ಎಳೆತದಲ್ಲಿ; ಜನ ಎನ್ನುವ ಕಡೆ ಪೇರು ಎನ್ನುತ್ತಿದ್ದರು. ತಮ್ಮನ ಫೋನಿನಲ್ಲಿದ್ದ ಪಾಸನ್ನು ನೋಡಿದರು. ಕಾರಿನೊಳಗೆ ನೋಡಿದರು. ಮತ್ತೆ ಪಾಸನ್ನು ನೋಡಿದರು.

"ಅಯ್ಯಾ, ಇದರಲ್ಲಿ ನಾಲ್ಕು ಪೇರು ಇದೆ."

"ಹೂಂ ಕಣಪ್ಪ, ನಾಲ್ಕೆ."

"ಡ್ರೈವರ್ ಒಬ್ಬರು. ನೀವು. ಹಿಂದೆ ಅಮ್ಮ. ಮೂರು ಪೇರು."

"ನಾಲ್ಕು" ಎಂದರು ದೊಡ್ಡಪ್ಪ. ಅವರ ದನಿಯಲ್ಲಿ ಅನುಮಾನವಿರಲಿಲ್ಲ.

ಅಧಿಕಾರಿಯ ಮುಖ ಬದಲಾಯಿತು. ಅವರು ನಾವು ಬಂದ ರಸ್ತೆಯ ಕಡೆ ತಿರುಗಿ ನೋಡಿದರು. "ಇನ್ನೊಬ್ಬರು ಎಲ್ಲಿ? ಕಾಡಲ್ಲಿ ಇಳಿದ್ರಾ? ನಿಜ ಹೇಳಿ, ನಾನು ಬೈಯೋದಿಲ್ಲ. ಎಷ್ಟು ಹೊತ್ತಾಯ್ತು ಇಳಿದು?" ಎನ್ನುತ್ತ ಸೊಂಟದ ವೈರ್‌ಲೆಸ್ ಕೈಗೆ ತೆಗೆದುಕೊಂಡರು. ಬೆಳಗಿನಿಂದ ಬಾಯಿ ಮುಚ್ಚದಿದ್ದ ತಮ್ಮ ಸ್ಟೀರಿಂಗ್ ಹಿಡಿದು ಕಲ್ಲಾಗಿದ್ದ. ಮೂವರೇ ಹೊರಟೆವು ಎಂದು ನಾನು ಹೇಳಬೇಕಿತ್ತು. ದೊಡ್ಡಪ್ಪ ನಿಧಾನವಾಗಿ ಇಳಿದು, ಹಿಂದಿನ ಬಾಗಿಲು ತೆರೆದು ತೋರಿಸಿದರು.

"ಇವ್ರೆ ಕಣಪ್ಪ."

ಅಧಿಕಾರಿ ಬಗ್ಗಿ ನೋಡಿದರು. ವಿಭೂತಿ, ಹೊಸ ಟವೆಲ್ಲು, ಸೀಟ್ ಬೆಲ್ಟು, ಮೂರನ್ನೂ ನೋಡಿದರು. ವೈರ್‌ಲೆಸ್ಸನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿದರು. ನಗಲಿಲ್ಲ.

"ಮೂರು ಪೇರು ಹೋಗಬಾರದು ಅಂತಾನಾ?"

"ನಿಂಗೂ ಗೊತ್ತಾ?"

"ನನ್ನ ಹೆಂಡತಿ ತಾಳವಾಡಿಯವಳು. ನನ್ನ ಮನೆ ನೋಡಕ್ಕೆ ಬಂದಾಗ ಅವಳ ಸೋದರಮಾವನೂ ಒಂದು ಕಲ್ಲು ತಂದಿದ್ದರು. ಆದರೆ ಅಯ್ಯಾ, ಅದಕ್ಕೆ ಬಸ್ ಟಿಕೆಟ್ ತಗೊಂಡಿರಲಿಲ್ಲ."

ತಮ್ಮನಿಗೆ ಆಗ ಉಸಿರು ಬಂತು. ಅಧಿಕಾರಿ ತಾಳ್ಮೆಯಿಂದ ವಿವರಿಸಿದರು. ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ಎಣಿಸುವುದೇ ಗೇಟಿನವರ ಕೆಲಸ. ನಾಲ್ವರೆಂದಿದ್ದು ಮೂವರು ಕಂಡರೆ ಒಬ್ಬರು ಕಾಡಿನಲ್ಲಿ ಉಳಿದರು ಎಂದರ್ಥ. ಮೂರು ಎಂದು ಇನ್ನೊಂದು ಪಾಸು ತೆಗೆಸಿ, ಈಗಲೇ ಬಿಡುತ್ತೇನೆ. ಕಲ್ಲು ಎಲ್ಲಿಗೆ ಬೇಕಾದರೂ ಬರಲಿ, ಅದಕ್ಕೆ ಪಾಸು ಬೇಡ ಎಂದರು. ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ನಾನು ಗಡಿಯಾರ ನೋಡಿದೆ. ಹನ್ನೊಂದಾಗುತ್ತಿತ್ತು. ಈಗ ಹೊರಟರೆ ಹನ್ನೆರಡಕ್ಕೆ ತಲುಪಬಹುದಿತ್ತು.

ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಹಿಂದಿನ ನೀರಿನ ತೊಟ್ಟಿಯ ಹತ್ತಿರ ಮಾತ್ರ. ದೊಡ್ಡಪ್ಪನಿಗೆ ಕಿವಿ ಸ್ವಲ್ಪ ಮಂದ. ಅದಕ್ಕೆ ಸ್ಪೀಕರ್ ಹಾಕಿ ತಂಗಿಗೆ ಫೋನು ಮಾಡಿದೆ. ವಿಷಯ ಕೇಳಿ ಅವಳು ನಕ್ಕಳು. ಬಹಳ ದಿನದ ಮೇಲೆ ಆ ನಗು ಕೇಳಿದ್ದು. "ಅಕ್ಕ, ವಯಸ್ಸು ಎಷ್ಟು ಅಂತ ಕೇಳ್ಲಿಲ್ವಾ ಅವ್ರಿಗೆ? ಹಿರಿಯ ನಾಗರಿಕರು ಅಂತ ಹಾಕ್ಬಹುದಾಗಿತ್ತು. ಎರಡು ನಿಮಿಷ ಇರಿ, ಮೂರು ಅಂತ ಮಾಡಿ ಕಳಿಸ್ತೀನಿ."

"ಬ್ಯಾಡ" ಎಂದರು ದೊಡ್ಡಪ್ಪ.

"ಏನಂದ್ರಿ ದೊಡ್ಡಪ್ಪ?"

"ಮೂರು ಅಂತ ಬರೀಬ್ಯಾಡ ಕೂಸೆ."

"ಬರೆಯೋದು ಕಾಗದದಲ್ಲಿ ತಾನೆ? ಕಲ್ಲು ಕಾರಲ್ಲೇ ಇರುತ್ತಲ್ಲ" ಎಂದೆ ನಾನು.

"ಸರ್ಕಾರದ್ ಕಾಗ್ದ ಅದು. ಕಾರಿನ್ ನಂಬ್ರು, ತಾರೀಕು, ಮೂರ್ ಜನ ಅಂತ ಅಚ್ಚಾಗ್ಬುಡ್ತದೆ. ಈ ಕಾರ್ಯಕ್ಕೆ ಮೂರ್ ಜನ ಓಗವ್ರೆ ಅಂತ. ಅಂಗಾಗದ್ ಬ್ಯಾಡ. ಬೇಕಾದ್ರೆ ತಿರುಗ್ಸಿ, ವಾಪಸ್ ಓಗನ."

ತಮ್ಮನಿಗೆ ಸಿಟ್ಟು ಬಂತು. "ವಾಪಸ್ಸಾ? ನಾಳೆ ತಾಳವಾಡಿಯವ್ರು ಬಂದು ಕುಂತ್ಕತಾರೆ ಅಲ್ಲಿ. ಐದ್ ವರ್ಷದ್ ಮ್ಯಾಲೆ ಒಂದ್ ಸಲ ಹೂಂ ಅಂದವ್ಳೆ ಅವ್ಳು. ಒಂದ್ ಕಲ್ಲಿಗೋಸ್ಕರ ಕೆಡಿಸ್ಬುಡ್ತಿಯಾ ದೊಡ್ಡಪ್ಪ?"

ದೊಡ್ಡಪ್ಪ ತೊಟ್ಟಿಯ ಅಂಚಿನ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ನೀರಿನ ಕಡೆಗೇ ನೋಡುತ್ತ ಹೇಳಿದರು.

"ಓದ್ ಸಲ ಮೂರೆ ಜನ ಓಗಿದ್ದೊ."

ನಮಗೆ ಅರ್ಥವಾಗಲಿಲ್ಲ.

"ಬೇಗೂರ್ಗೆ. ನಿಮ್ಮಪ್ಪ, ನಾನು, ದಲ್ಲಾಳಿ. ನಿಮ್ಮಪ್ಪ ಕಲ್ ಎತ್ಕಳಕ್ಕೆ ಅಂತ ಬಗ್ಗುದ. ನಾನು ನಕ್ಬುಟ್ಟೆ. ಯಾವ್ ಕಾಲ್ದಲ್ಲಿದ್ದಿಯೆ, ಬುಡ್ಲಾ ಅದ್ನ ಅಂದೆ. ಅವ್ನು ಬುಟ್ಬುಟ್ಟ."

ಇದನ್ನು ನಾನು ಅದೇ ಮೊದಲು ಕೇಳಿದ್ದು. ತಮ್ಮನೂ ಅಷ್ಟೇ. ಅಪ್ಪ ಎಂದೂ ಹೇಳಿರಲಿಲ್ಲ, ಈಗ ಅಪ್ಪನೂ ಇಲ್ಲ. ಎತ್ತು ನೋಡಲು ಹೋದಾಗಲೂ ಸೊಸೈಟಿಗೆ ಹೋದಾಗಲೂ ಇವರು ಎತ್ತಿಕೊಂಡು ತಿರುಗಿದ್ದು ಯಾವ ಕಲ್ಲನ್ನು ಎಂಬುದು ಆ ತೊಟ್ಟಿಯ ಹತ್ತಿರ ನನಗೆ ತಿಳಿಯಿತು. ಗೇಟಿನ ಕಂಬಿ ನೆನಪಾದಾಗ ಎದೆ ಹೊಡೆದುಕೊಳ್ಳುವುದು ಇದಕ್ಕೇ. ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ಸ್ಪೀಕರ್ ಹಾಕಿದ್ದನ್ನು ಮೂವರೂ ಮರೆತಿದ್ದೆವು.

"ದೊಡ್ಡಪ್ಪ" ಎಂದಿತು ಫೋನು.

"ಹೂಂ ಕೂಸೆ."

"ಅವ್ರಿಗೆ ಕಾಮಾಲೆ ಬಂದಿದ್ದು ಕೆಟ್ಟ ನೀರಿನಿಂದ."

"ಡಾಕುಟ್ರು ಅಂಗಂದ್ರು."

"ಡಾಕ್ಟ್ರು ಬರೆದಿದ್ದನ್ನೆಲ್ಲ ನಾನು ಓದಿದ್ದೀನಿ. ಕಲ್ಲಿನ ಮಾತು ಎಲ್ಲೂ ಇರ್ಲಿಲ್ಲ."

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಮುಖ ಒರೆಸಿಕೊಂಡರು. ಅವಳ ಮಾತನ್ನು ಅವರು ನಂಬಿದರೋ ಇಲ್ಲವೋ ಹೇಳಲಾರೆ. ಮೂರು ಎಂದು ಬರೆ ಎನ್ನಲಿಲ್ಲ ಎಂಬುದಷ್ಟು ನಿಜ. ಅವಳಿಗೂ ಅದು ಗೊತ್ತಾಗಿರಬೇಕು.

"ಸರಿ, ಮೂರು ಬೇಡ. ನಾಲ್ಕೇ ಇರ್ಲಿ" ಎಂದಳು. "ಊಟಿ ಬಸ್ಸು ಇಲ್ಲೇ ನಿಂತಿದೆ. ನಾನೇ ಬರ್ತೀನಿ."

"ಹೆಣ್ಣೇ ಮನೆ ನೋಡಕ್ ಬರದುಂಟಾ ಕೂಸೆ?"

"ಪಾಸಲ್ಲಿ ಅದನ್ನೆಲ್ಲ ಕೇಳಿಲ್ಲ ದೊಡ್ಡಪ್ಪ. ಎಷ್ಟು ಜನ ಅಂತ ಮಾತ್ರ ಕೇಳಿದಾರೆ" ಎಂದು ಫೋನಿಟ್ಟಳು.

ಗೂಡಲೂರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಮನುಷ್ಯನೇ ಫೋನು ಎತ್ತಿದರು. ಸುಳ್ಳು ಹೇಳಲು ಬಾರದೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ, "ಕಲ್ಲು ದೊಡ್ಡದಾ?" ಎಂದು ಕೇಳಿದರು. ತೆಂಗಿನಕಾಯಿಯಷ್ಟು ಎಂದೆ. ಹಿಂದಿನಿಂದ ತಾಯಿಯ ದನಿ ಕೇಳಿಸುತ್ತಿತ್ತು, "ಹನ್ನೆರಡು ಅಂದ್ರೆ ಹನ್ನೆರಡು. ಮೊದಲನೇ ದಿನವೇ ಹಿಂಗಾದ್ರೆ ಹೆಂಗೆ?" ಅವರು ಫೋನನ್ನು ಬಾಯಿಗೆ ಹತ್ತಿರ ಹಿಡಿದು, "ನೀವು ಬನ್ನಿ. ನಿಧಾನಕ್ಕೆ ಬನ್ನಿ, ತಿರುವು ಜಾಸ್ತಿ" ಎಂದರು. ಹೆಣ್ಣೂ ಬರುತ್ತಾಳೆ ಎಂದೆ. "ಸರಿ" ಎಂದರು. ಅದು ಯಾವ ಬಗೆಯ ಸರಿ ಎಂದು ತಿಳಿಯಲಿಲ್ಲ.

ಅಧಿಕಾರಿ ದೊಡ್ಡಪ್ಪನಿಗೆ ಕುರ್ಚಿ ಹಾಕಿಸಿದರು. ಇಬ್ಬರೂ ಬರುವ ಗಾಡಿಗಳನ್ನು ನೋಡುತ್ತ ಕೂತರು. ಪಾಸಿಲ್ಲದೆ ಬಂದ ಮೈಸೂರಿನ ಕುಟುಂಬವೊಂದು ಸಿಗ್ನಲ್ ಹುಡುಕಿಕೊಂಡು ನಮ್ಮ ತೊಟ್ಟಿಯ ಹತ್ತಿರ ಹೋಯಿತು. ಚೆಂಡುಹೂವು ತುಂಬಿದ ವ್ಯಾನಿನವನು ಶುಲ್ಕ ಕೊಡುತ್ತ, "ಹೂವಿನ ವಾಸನೆಗೆ ನೀವೇ ನಂಗೆ ಕೊಡ್ಬೇಕು" ಎಂದು ಗೊಣಗಿದ. ದೊಡ್ಡಪ್ಪನಿಗೆ ಅವನ ಮಾತು ಹಿಡಿಸಿತು.

"ನೋಡು, ನ್ಯಾಯ್ವಾಗ್ ಕೇಳವ್ನೆ. ಅಲ್ಲಪ್ಪ, ಬಡವ್ರ್ ಹಳೇ ಗಾಡಿಗೆ ಕಂದಾಯ. ನಿಮ್ ಬಸ್ಸು ಬೂದಿಗುಡ್ಡೆಯಂಗೆ ಹೊಗೆ ಬುಟ್ಕಂಡ್ ಓಯ್ತದೆ, ಅದಕ್ಕೆ ಪಾಸಿಲ್ವಾ?"

"ಬಸ್ಸಲ್ಲಿ ಐವತ್ತು ಪೇರು, ಒಂದೇ ಹೊಗೆ ಅಯ್ಯಾ. ನಿಮ್ಮದರಲ್ಲಿ ಮೂರು ಪೇರು."

"ನಾಲ್ಕು."

"ಸರಿ, ನಾಲ್ಕು. ಮೇ ತಿಂಗಳಲ್ಲಿ ಇಲ್ಲಿ ಬಂದು ಕೂತಿದ್ದರೆ ನಿಮಗೆ ಗೊತ್ತಾಗ್ತಿತ್ತು. ಪಾಸು ಬರೋ ಮುಂಚೆ ಗಾಡಿಗಳು ಸಾಲುಗಟ್ಟಿ ನಿಲ್ಲೋವು, ಯಾರೂ ಇಂಜಿನ್ ಆರಿಸ್ತಿರಲಿಲ್ಲ. ರಾತ್ರಿ ಅನ್ನ ನುಂಗಿದರೆ ಡೀಸೆಲ್ ರುಚಿ. ಈಗ ಬೈಸ್ಕೊಂಡು ಕೂತಿದೀನಿ, ಆದರೆ ಅನ್ನ ಅನ್ನದ ಹಾಗಿದೆ."

ದೊಡ್ಡಪ್ಪ ಒಪ್ಪಲಿಲ್ಲ. ಮುಂದಕ್ಕೆ ವಾದಿಸಲೂ ಇಲ್ಲ.

ಬಸ್ಸು ಬಂದಾಗ ಹನ್ನೆರಡು ದಾಟಿತ್ತು. ತಂಗಿ ಅಂಗಡಿಗೆಂದು ಉಟ್ಟ ಹತ್ತಿ ಸೀರೆಯಲ್ಲೇ ಇಳಿದಳು. ಹೂ ಮುಡಿದಿರಲಿಲ್ಲ, ಬೆರಳಿಗೆ ಸ್ಟಾಂಪಿನ ನೀಲಿ ಮಸಿ ಹತ್ತಿತ್ತು. ನೇರವಾಗಿ ದೊಡ್ಡಪ್ಪನ ಹತ್ತಿರ ಹೋಗಿ, "ಎದ್ದೇಳಿ, ಹೋಗನ" ಎಂದಳು. ಅಧಿಕಾರಿ ಬೆರಳು ಮಾಡಿ ಎಣಿಸಿದರು. ತಮ್ಮ ಸುಮ್ಮನಿರಲಿಲ್ಲ. "ಸಾರ್, ಈಗ ಕಲ್ಲೂ ಸೇರಿದ್ರೆ ಐದಾಯ್ತದಲ್ಲ?" ಎಂದ. ದೊಡ್ಡಪ್ಪ ಯೋಚಿಸಿದರು. ಕಲ್ಲಿನ ಬೆಲ್ಟು ಬಿಚ್ಚಿ, ಎತ್ತಿಕೊಂಡು ಹೋಗಿ, ರಸ್ತೆಯಾಚೆಯ ಮರದ ಬುಡದಲ್ಲಿಟ್ಟು ಬಂದರು. ನಮ್ಮ ಕಾರು ಗೇಟು ದಾಟುವಷ್ಟರಲ್ಲಿ ಅದರ ಮೇಲೆ ಒಂದು ಕೋತಿ ಬಂದು ಕೂತಿತ್ತು.

ಗೂಡಲೂರಿನ ಮನೆ ರಸ್ತೆಯಿಂದ ಮೆಟ್ಟಿಲು ಹತ್ತಿ ಹೋಗುವಂಥದ್ದು. ಹೆಂಚಿನದು, ಚಿಕ್ಕದು. ತಾಯಿ ಬಾಗಿಲಲ್ಲೇ ನಿಂತಿದ್ದರು. ಗೋಡೆಯ ಗಡಿಯಾರ ಅವರ ಬೆನ್ನ ಹಿಂದೆ ಎಲ್ಲರಿಗೂ ಕಾಣುವಂತಿತ್ತು. ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೊಡ್ಡಪ್ಪನಿಗೆ ಹೇಳಿದರು, "ನಮ್ಮ ಕಾಲದಲ್ಲಿ ಮನೆ ನೋಡಕ್ಕೆ ಹಿರಿಯರು ಬರ್ತಿದ್ರು."

"ಹಿರಿಯರೂ ಬಂದವ್ರೆ ತಾಯಿ. ಸುಸ್ತಾಗವ್ರೆ" ಎಂದ ತಮ್ಮ. ದೊಡ್ಡಪ್ಪ ಅವನ ಕಾಲು ತುಳಿದರು.

ತಿಂಡಿ ಬಂತು, ಕಾಫಿ ಬಂತು. ಸಂಬಂಧದ ಮಾತು ಮಾತ್ರ ಬರಲಿಲ್ಲ. ತಾಯಿ ಮಂಗಳವಾರದ ತಾಳವಾಡಿಯವರ ವಿಷಯವನ್ನು ಎರಡು ಸಲ ತೆಗೆದರು. ಅವರಿಗೆ ಹೊತ್ತಿನ ಬೆಲೆ ಗೊತ್ತಂತೆ. ದೊಡ್ಡಪ್ಪ ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದರು. ಕೆಟ್ಟಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆಗ ಆ ಮನುಷ್ಯ ಎದ್ದು, "ಮನೆ ನೋಡಕ್ಕೆ ಅಂತ ತಾನೇ ಬಂದಿರೋದು. ಬನ್ನಿ, ತೋರಿಸ್ತೀನಿ" ಎಂದು ತಂಗಿಗೆ ಹೇಳಿದರು. ನಾನು ಜೊತೆಗೆ ಹೋದೆ.

ಅವರು ಮೊದಲು ಕರೆದುಕೊಂಡು ಹೋದದ್ದು ಹೊರಗಿನ ಶೆಡ್ಡಿಗೆ. ಮೂರು ಜೀಪು ನಿಲ್ಲುವಷ್ಟು ಜಾಗ. ನಿಂತದ್ದು ಒಂದೇ. ಉಳಿದ ಕಡೆ ನೆಲದಲ್ಲಿ ಎಣ್ಣೆಯ ಕಲೆಗಳು ಒಣಗಿದ್ದವು.

"ಮೂರು ಅಂತ ಹೇಳಿರ್ತಾರೆ ನಿಮಗೆ. ಎರಡನ್ನು ಮಾರಿಬಿಟ್ಟೆ" ಎಂದರು. "ಪಾಸು ಬಂದ ಮೇಲೆ ಬರೋರು ಕಮ್ಮಿ. ಹಳೇ ಗಾಡಿ, ತೆರಿಗೆ ಬೇರೆ. ಅಮ್ಮ ಇದನ್ನ ಹೇಳೋದು ಬೇಡ ಅಂದಿದ್ರು. ಮನೆ ನೋಡಕ್ಕೆ ನೀವೇ ಬಂದಿದ್ದೀರಿ, ಹೇಳ್ದೆ ಹೆಂಗಿರೋದು?"

ತಂಗಿ ಎಣ್ಣೆಯ ಕಲೆಗಳನ್ನು ನೋಡುತ್ತಿದ್ದಳು. "ಸರ್ಕಾರದ ಮೇಲೆ ಸಿಟ್ಟಿಲ್ವಾ?" ಎಂದು ಕೇಳಿದಳು.

"ತಿಂಗಳ ಕೊನೇಲಿ ಬರುತ್ತೆ. ಆದ್ರೆ ಸೀಸನ್ನಲ್ಲಿ ಈ ರಸ್ತೇಲಿ ನಿಂತ್ರೆ ಕಣ್ಣು ಉರೀತಿತ್ತು. ಅಮ್ಮ ರಾತ್ರಿಯೆಲ್ಲಾ ಕೆಮ್ಮೋರು, ಈಗ ನಿದ್ದೆ ಮಾಡ್ತಾರೆ. ಅವ್ರು ನಿದ್ದೆ ಮಾಡ್ತಾರೆ, ನಾನು ಲೆಕ್ಕ ಹಾಕ್ಕೊಂಡು ಎದ್ದಿರ್ತೀನಿ." ಸ್ವಲ್ಪ ನಕ್ಕರು. "ಒಟ್ಟು ನಿದ್ದೆ ಅಷ್ಟೇ ಇದೆ."

ತಂಗಿಯೂ ನಕ್ಕಳು. ಆಮೇಲೆ ಕೆಲಸದ ದನಿಯಲ್ಲಿ ಕೇಳಿದಳು, "ಪಾಸು ತೆಗೆದುಕೊಡೋ ಅಂಗಡಿ ಈ ಬೀದೀಲಿ ಇದೆಯಾ?"

"ಪೇಟೇಲಿ ಒಂದಿದೆ. ಕನ್ನಡ ಬರೋರು ಇಲ್ಲ. ನಿಮ್ಮ ಕಡೆಯವ್ರು ಬಂದು ಒದ್ದಾಡ್ತಾರೆ."

ಅವಳು ಶೆಡ್ಡಿನ ಖಾಲಿ ಭಾಗದ ಅಗಲವನ್ನು ಕಣ್ಣಲ್ಲೇ ಅಳೆದಳು. ನಂತರ ಅಡುಗೆಮನೆ ನೋಡಬೇಕು ಎಂದಳು. ನನ್ನನ್ನು ಹೊರಗೇ ನಿಲ್ಲಿಸಿದಳು. ಒಳಗೆ ಅವರಿಬ್ಬರೂ ಏನು ಮಾತಾಡಿದರು ಎಂಬುದಕ್ಕೆ ನಾನು ಸಾಕ್ಷಿಯಲ್ಲ. ಒಲೆಯ ಹೊಗೆಗೆ ಇಬ್ಬರೂ ಕೆಮ್ಮಿದ್ದು ಮಾತ್ರ ಕೇಳಿಸಿತು.

ಹಜಾರಕ್ಕೆ ಮರಳಿದಾಗ ದೊಡ್ಡಪ್ಪ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಲೋಟ ಖಾಲಿಯಾಗಿತ್ತು. ತಾಯಿ ಕಿಟಕಿಯ ಕಡೆ ಮುಖ ಮಾಡಿದ್ದರು. ಕೊನೆಗೆ ದೊಡ್ಡಪ್ಪನೇ ಕೇಳಿದರು.

"ಮನೆ ಎಂಗದೆ ಕೂಸೆ?"

"ಅಡುಗೆಮನೆ ಕತ್ತಲೆ ದೊಡ್ಡಪ್ಪ. ಹೊಗೆ ಹೋಗಲ್ಲ. ಒಂದು ಕಿಟಕಿ ಇಡಿಸ್ಬೇಕು ಅಂತ ಹೇಳ್ದೆ."

ದೊಡ್ಡಪ್ಪ ಆ ಮನುಷ್ಯನ ಮುಖ ನೋಡಿದರು. "ನೀವೇನಂದ್ರಿ?"

"ಈ ವಾರ ಗಾರೆಯವ್ರನ್ನ ಕರೀತೀನಿ ಅಂದೆ" ಎಂದರು ಅವರು.

ತಮ್ಮ ನನ್ನ ಕಡೆ ನೋಡಿದ. ನಾನು ಅವರ ತಾಯಿಯನ್ನು ನೋಡಿದೆ. ಅವರು ತಿರುಗಿ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ, ಎದ್ದು, ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡರು. ದೊಡ್ಡಪ್ಪನ ಕೈಯಲ್ಲಿದ್ದದ್ದನ್ನೂ ಬಿಡಿಸಿಕೊಂಡು ಒಳಗೆ ನಡೆದರು. ಅಡುಗೆಮನೆಯಿಂದ ಅವರ ದನಿ ಬಂತು.

"ಮೂಡಲ ಗೋಡೆಗೆ ಇಡಿಸವ್ವ. ಪಡುವಲಿಂದ ಮಳೆ ಹೊಡೀತದೆ."